ಉರಿಯೂ ಇಲ್ಲ, ಊತವೂ ಇಲ್ಲ, ಆದರೂ ‘ಉರಿಯೂತ’ ಅಂತೆ. ಹೊಟ್ಟೆಗೂ ಇದಕ್ಕೂ ಏನು ಸಂಬಂಧ?

ಬೆಲ್ಟಿನ_ಕೊನೇ_ತೂತು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ವಯಸ್ಸು 38. ಮನೆ ಬನಶಂಕರಿ, ಕೆಲಸ ಔಟರ್ ರಿಂಗ್ ರೋಡ್. ಅಂದರೆ ದಿನಕ್ಕೆ ಮೂರು ಗಂಟೆ ಕ್ಯಾಬ್ ಸೀಟು, ಒಂಬತ್ತು ಗಂಟೆ ಆಫೀಸ್ ಸೀಟು, ಮನೆಗೆ ಬಂದರೆ ಸೋಫಾ. ಮೊನ್ನೆ ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್ ಆಯಿತು. ರಿಪೋರ್ಟ್ ಬಂದರೆ ಅರ್ಧಕ್ಕರ್ಧ ಸಾಲು ದಪ್ಪಕ್ಷರದಲ್ಲಿದೆ. ಎತ್ತರ 170 ಸೆಂ.ಮೀ., ತೂಕ 74 ಕೆಜಿ. ಫಾಸ್ಟಿಂಗ್ ಶುಗರ್ 108, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಅಂತೆ) 5.9, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 212, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 36, ಬಿಪಿ 134/86. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1. ಕೊನೇ ಪುಟದಲ್ಲಿ ಎಚ್‌ಎಸ್-ಸಿಆರ್‌ಪಿ ಅಂತ ಒಂದಿದೆ, ಅದು 4.6.

ರಿಪೋರ್ಟ್ ನೋಡಿದ ಡಾಕ್ಟರ್ ನಾಲ್ಕು ನಿಮಿಷ ಕೊಟ್ಟರು. ‘ಕ್ರಾನಿಕ್ ಇನ್‌ಫ್ಲಮೇಶನ್ ಇದೆ, ತೂಕ ಇಳಿಸಿ’ ಅಂದರು, ಮುಂದಿನ ಟೋಕನ್ ಕರೆದರು. ಮನೆಗೆ ಬಂದು ಹುಡುಕಿದರೆ ಕನ್ನಡದಲ್ಲಿ ದೀರ್ಘಕಾಲದ ಉರಿಯೂತ ಅಂತ ಸಿಕ್ಕಿತು. ನನಗೆ ಉರಿಯೂ ಇಲ್ಲ ಊತವೂ ಇಲ್ಲ ಸ್ವಾಮಿ. ಜ್ವರ ಬಂದು ಒಂದು ವರ್ಷ ಆಯಿತು. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಒಪ್ಪುತ್ತೇನೆ, ಆದರೆ ಅಲ್ಲಿ ಕೊಬ್ಬು ಸುಮ್ನೆ ಕೂತಿದೆ ಅಷ್ಟೇ ಅಲ್ವಾ? ಅದು ಯಾರಿಗೆ ಏನು ಮಾಡುತ್ತದೆ?

ಇನ್ನೊಂದು ಹೊಟ್ಟೆಕಿಚ್ಚಿನ ಪ್ರಶ್ನೆ. ನನ್ನ ಪಕ್ಕದ ಸೀಟಿನವನು 94 ಕೆಜಿ ಇದ್ದಾನೆ. ದಿನಾ ಸಂಜೆ ಬಜ್ಜಿ ತಿನ್ನುತ್ತಾನೆ, ನನಗೂ ಕೊಡುತ್ತಾನೆ. ಅವನ ರಿಪೋರ್ಟ್ ಎಲ್ಲಾ ನಾರ್ಮಲ್! ಇದು ಯಾವ ನ್ಯಾಯ?

ಕೊನೇದು, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಎರಡು ವರ್ಷದಿಂದ ಕತ್ತಿನ ಹಿಂದೆ ಕಪ್ಪಗೆ, ಒಂಥರಾ ಮಖಮಲ್ ಬಟ್ಟೆ ಮುಟ್ಟಿದ ಹಾಗೆ ಆಗಿದೆ. ಅಮ್ಮ ಅದು ಕೊಳೆ ಅಂತ ಹಟ ಹಿಡಿದಿದ್ದಾರೆ. ಭಾನುವಾರ ಆದರೆ ಹಿಂಡಿದ ನಿಂಬೆಹೋಳಿಗೆ ಸಕ್ಕರೆ ಅದ್ದಿಕೊಂಡು ನನ್ನ ಹಿಂದೆ ಬರುತ್ತಾರೆ. ಉಜ್ಜಿ ಉಜ್ಜಿ ಚರ್ಮ ಕೆಂಪಗಾಗಿದೆ, ಕಪ್ಪು ಮಾತ್ರ ಹಾಗೇ ಇದೆ.

ಗೊತ್ತಿರುವವರು ಅರ್ಥ ಆಗುವ ಹಾಗೆ ಹೇಳಿ. ‘ಗೂಗಲ್ ಮಾಡು’ ಅನ್ನಬೇಡಿ. ಮಾಡಿ ಆಗಿದೆ, ಅದಕ್ಕೇ ನಿದ್ದೆ ಹೋಗಿರೋದು.

ಮೇಷ್ಟ್ರು_ಬಸವನಗುಡಿ

ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು ನಾನು. ಔಷಧಿ ಬರೆದುಕೊಡುವ ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೂರು ಪ್ರಶ್ನೆಗೂ ಉತ್ತರ ಹೆಚ್ಚುಕಡಿಮೆ ಒಂದೇ. ಸ್ವಲ್ಪ ಕೂತು ಓದಿ.

ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ಏನಾಗುತ್ತದೆ? ಕೆಂಪಗಾಗಿ, ಬಿಸಿಯಾಗಿ, ಊದಿ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ಅದು ಒಳ್ಳೆಯ ಉರಿಯೂತ, ಕೆಲಸ ಮುಗಿಸಿ ಹೋಗುತ್ತದೆ. ನಿಮ್ಮ ರಿಪೋರ್ಟಿನಲ್ಲಿರುವುದು ಅದೇ ವ್ಯವಸ್ಥೆ, ಆದರೆ ಗ್ಯಾಸ್ ಒಲೆಯನ್ನು ಆರಿಸದೆ ಸಿಮ್‌ನಲ್ಲಿ ಬಿಟ್ಟ ಹಾಗೆ. ಪಾತ್ರೆ ಉಕ್ಕುವುದಿಲ್ಲ, ಸದ್ದೂ ಇಲ್ಲ. ತಳ ಮಾತ್ರ ಹಿಡಿಯುತ್ತಾ ಇರುತ್ತದೆ.

ಈಗ ಕೊಬ್ಬು ‘ಸುಮ್ನೆ ಕೂತಿದೆ’ ಅನ್ನುವ ಮಾತು. ನಾನು ಓದುವಾಗ ನಮಗೂ ಹಾಗೇ ಹೇಳಿಕೊಟ್ಟಿದ್ದರು, ಕೊಬ್ಬು ಅಂದರೆ ಗೋದಾಮು ಅಂತ. 1993ರಲ್ಲಿ ಹೋತಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ಅವರ ತಂಡ ಬೊಜ್ಜು ಬಂದ ಇಲಿಗಳ ಕೊಬ್ಬನ್ನು ನೋಡಿದಾಗ ಅಲ್ಲಿ ಟಿಎನ್‌ಎಫ್-ಆಲ್ಫಾ ಸಿಕ್ಕಿತು. ಅದು ಸೋಂಕು, ಗಾಯ ಆದಾಗ ರಕ್ಷಣಾ ಕಣಗಳು (ಕಣ ಅಂದರೆ ಜೀವಕೋಶ) ಹೊರಡಿಸುವ ರಾಸಾಯನಿಕ. ಕೊಬ್ಬಿನಲ್ಲಿ ಅದಕ್ಕೇನು ಕೆಲಸ? ಅದನ್ನು ತಡೆದರೆ ಆ ಇಲಿಗಳಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಮರುವರ್ಷ, 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಕಂಡುಹಿಡಿಯಿತು. ಮೈಯಲ್ಲಿ ಎಷ್ಟು ಸಂಗ್ರಹ ಇದೆ ಅಂತ ಕೊಬ್ಬೇ ಮೆದುಳಿಗೆ ಸುದ್ದಿ ಕಳಿಸುತ್ತದೆ ಅಂತ ಆಗ ಗೊತ್ತಾಯಿತು. ನಾವು ಪಾಠದ ನೋಟ್ಸ್ ಹರಿದು ಹಾಕಿದೆವು. ಕೊಬ್ಬು ಗೋದಾಮಲ್ಲ, ಅದೊಂದು ಅಂಗ. ದಿನವಿಡೀ ಮಾತಾಡುವ ಅಂಗ.

ಹಾಗಾದರೆ ಅದು ಯಾಕೆ ಕೆಡುತ್ತದೆ? ಹಳೇ ಮನೆಯ ಅಟ್ಟ ನೆನಪಿಸಿಕೊಳ್ಳಿ. ಅಟ್ಟದಲ್ಲಿ ಜಾಗ ಇರುವ ತನಕ ಹಂಡೆ, ತೊಟ್ಟಿಲು, ಹಳೇ ಟ್ರಂಕು ಎಲ್ಲ ಮೇಲೆ ಹೋಗುತ್ತವೆ, ಮನೆ ಚೆನ್ನಾಗೇ ಕಾಣುತ್ತದೆ. ಅಟ್ಟ ತುಂಬಿದ ಮೇಲೂ ಸಾಮಾನು ಬರುತ್ತಲೇ ಇದ್ದರೆ? ಅಡುಗೆಮನೆಗೆ, ದೇವರಮನೆಗೆ, ಮಂಚದ ಕೆಳಗೆ. ಚರ್ಮದ ಕೆಳಗಿನ ಕೊಬ್ಬು ಅಟ್ಟ. ಅದು ತುಂಬಿದ ಮೇಲೆ ಕರುಳಿನ ಸುತ್ತ, ಲಿವರ್ ಒಳಗೆ, ಸ್ನಾಯುವಿನ ಒಳಗೆ, ಪ್ಯಾಂಕ್ರಿಯಾಸ್‌ನಲ್ಲೂ ಕೊಬ್ಬು ಸೇರುತ್ತದೆ. ನಿಮ್ಮ ಗ್ರೇಡ್ 1 ಅಂದರೆ ಅಡುಗೆಮನೆಗೆ ಸಾಮಾನು ಬಂದಿದೆ ಅಂತ.

ಅಟ್ಟದಲ್ಲೂ ಸುಖ ಇಲ್ಲ. ಕೊಬ್ಬಿನ ಕಣ ಊದಿ ಊದಿ ದೊಡ್ಡದಾದ ಮೇಲೆ ಅದಕ್ಕೆ ರಕ್ತ, ಆಮ್ಲಜನಕ ಸರಿಯಾಗಿ ಸಿಗುವುದಿಲ್ಲ, ಕೆಲವು ಸಾಯುತ್ತವೆ. ಸತ್ತದ್ದನ್ನು ತಿನ್ನಲು ಮ್ಯಾಕ್ರೋಫೇಜ್ ಎಂಬ ಕಣಗಳು ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತ ಕೊಬ್ಬಿನ ಕಣದ ಸುತ್ತ ಅವು ಕಿರೀಟದ ಹಾಗೆ ಕೂತಿರುತ್ತವೆ, ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೊಜ್ಜು ಬಂದಾಗ ಮ್ಯಾಕ್ರೋಫೇಜ್‌ಗಳು ಕೊಬ್ಬಿನೊಳಗೆ ಸೇರುತ್ತವೆ ಅಂತ 2003ರಲ್ಲಿ ಎರಡು ತಂಡಗಳು ಒಟ್ಟಿಗೇ ತೋರಿಸಿದವು. ಸಪೂರ ಮೈಯಲ್ಲಿ ಕೊಬ್ಬಿನ ಅಂಗಾಂಶದ ಕಣಗಳಲ್ಲಿ ಇವು 10%ಕ್ಕಿಂತ ಕಡಿಮೆ, ಬೊಜ್ಜು ಜಾಸ್ತಿಯಾದಾಗ ಹತ್ತಿರ ಹತ್ತಿರ 40%. ಇವು ಸುಮ್ಮನೆ ತಿಂದು ಹೋಗುವುದಿಲ್ಲ, ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ರಾಸಾಯನಿಕ ಬಿಟ್ಟು ಸುತ್ತಲೂ ಬೊಬ್ಬೆ ಹಾಕುತ್ತವೆ. ಕರುಳಿನ ಸುತ್ತಲಿನ ಕೊಬ್ಬಿನಿಂದ ರಕ್ತ ನೇರವಾಗಿ ಲಿವರಿಗೇ ಹೋಗುತ್ತದೆ. ಐಎಲ್-6 ಬಂದ ಕೂಡಲೇ ಲಿವರ್ ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುತ್ತದೆ. ಅದೇ ನಿಮ್ಮ 4.6. ಸಾಮಾನ್ಯವಾಗಿ 1ಕ್ಕಿಂತ ಕೆಳಗೆ ಇದ್ದರೆ ಒಳ್ಳೆಯದು, 1ರಿಂದ 3 ನಡುವಿನದು, 3 ದಾಟಿದರೆ ಹೃದಯದ ಅಪಾಯ ಜಾಸ್ತಿ ಅಂತ ಲೆಕ್ಕ.

ಇನ್ನು ಶುಗರ್ ಹೇಗೆ ಏರಿತು ಅಂದರೆ, ಇನ್ಸುಲಿನ್ ಅನ್ನೋದು ಬಾಗಿಲ ಬೆಲ್ ಒತ್ತುವವನು. ಬೆಲ್ ಆದರೆ ಕಣದ ಒಳಗಿನವರು ಎದ್ದು ಸಕ್ಕರೆಗೆ ಬಾಗಿಲು ತೆಗೆಯಬೇಕು. ಈ ಬೊಬ್ಬೆ ಮತ್ತು ಅಡ್ಡಾದಿಡ್ಡಿ ಸೇರಿದ ಕೊಬ್ಬು ಎರಡೂ ಸೇರಿ ಒಳಗಿನ ವೈರ್ ಸಡಿಲ ಮಾಡುತ್ತವೆ. ಒಂದು ಸಲ ಒತ್ತಿದರೆ ಆಗುವ ಕೆಲಸಕ್ಕೆ ಹತ್ತು ಸಲ ಒತ್ತಬೇಕು. ಹಾಗಾಗಿ ಪ್ಯಾಂಕ್ರಿಯಾಸ್ ಇನ್ಸುಲಿನ್ ಜಾಸ್ತಿ ಜಾಸ್ತಿ ಸುರಿಯುತ್ತದೆ. ಶುಗರ್ ಕೆಲವು ವರ್ಷ ನಾರ್ಮಲ್ಲಾಗೇ ಕಾಣುತ್ತದೆ, ಆಮೇಲೆ ನಿಧಾನಕ್ಕೆ ಹತ್ತುತ್ತದೆ.

ನಿಮ್ಮ ಕತ್ತಿನ ಕಪ್ಪು ಬಂದದ್ದೂ ಇಲ್ಲಿಂದಲೇ ಇರಬೇಕು. ರಕ್ತದಲ್ಲಿ ಜಾಸ್ತಿ ಇರುವ ಇನ್ಸುಲಿನ್ ಚರ್ಮದ ಕಣಗಳನ್ನು ಬೆಳೆಯಿರಿ ಬೆಳೆಯಿರಿ ಅಂತ ತಳ್ಳುತ್ತದೆ, ಅದಕ್ಕೇ ಮಖಮಲ್ ಹಾಗೆ ದಪ್ಪ. ಹೆಸರು ಅಕಾಂಥೋಸಿಸ್ ನೈಗ್ರಿಕಾನ್ಸ್. ಕೊಳೆ ಅಲ್ಲ. ದಯವಿಟ್ಟು ಅಮ್ಮನವರಿಗೆ ನಿಂಬೆಹಣ್ಣನ್ನು ಚಿತ್ರಾನ್ನಕ್ಕೆ ಇಟ್ಟುಕೊಳ್ಳಲು ಹೇಳಿ.

ನಿಮ್ಮ ಗೆಳೆಯನ ಅಟ್ಟ ದೊಡ್ಡದು, ನಿಮ್ಮದು ಸಣ್ಣದು. ಅಷ್ಟೇ ನ್ಯಾಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಕೊಂಡರು. ಇಬ್ಬರದ್ದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ನೋಡಲು ತೆಳ್ಳಗೆ, ಒಳಗೆ ಬೆಣ್ಣೆ. ನಮ್ಮ ಜನರ ಕಥೆ ಇದು. ಅದಕ್ಕೇ ನಮಗೆ ಬಿಎಂಐ 23ರಿಂದಲೇ ಎಚ್ಚರಿಕೆ ಶುರು, ಹೊರದೇಶದ 25 ಅಲ್ಲ. ನಿಮ್ಮದು 25.6. ಆದರೆ ಗೆಳೆಯ ಪಾಸಾದ ಅಂತಲೂ ಅಲ್ಲ, ಅಟ್ಟ ತುಂಬುವ ದಿನ ಅವನಿಗೂ ಬರಬಹುದು.

ಸೊಂಟದ ಸುತ್ತಳತೆ ಬರೆದಿಲ್ಲ ನೀವು. ಅಳೆದು ಹೇಳಿ.

ಕಷಾಯ_ಕಿಟ್ಟಿ

ಮೇಷ್ಟ್ರು ಚೆನ್ನಾಗಿ ಹೇಳಿದರು, ಆದರೆ ಇಷ್ಟು ತಲೆಕೆಡಿಸಿಕೊಳ್ಳೋದು ಬೇಕಾ? ಉರಿಯೂತ ಇದ್ದರೆ ಉರಿಯೂತ ಇಳಿಸಿದರಾಯಿತು. ಅರಿಶಿನ, ಕಾಳುಮೆಣಸು, ಶುಂಠಿ ಕಷಾಯ ಬೆಳಗ್ಗೆ ಖಾಲಿ ಹೊಟ್ಟೆಗೆ. ನಾನು ಒಂದು ಕರ್ಕ್ಯುಮಿನ್ (ಅರಿಶಿನದ ಸಾರ) ಡಬ್ಬ ತರಿಸುತ್ತೇನೆ, 1,800 ರೂಪಾಯಿ, ತಿಂಗಳಿಗೆ ಒಂದು. ಮಂಡಿ ನೋವು ಕಡಿಮೆ ಆಗಿದೆ. ನಮ್ಮ ಅಜ್ಜಿ ಕಾಲದ ಜ್ಞಾನ ಬಿಟ್ಟು ಇಲಿ ಕಥೆ ಯಾಕೆ?

ಮೇಷ್ಟ್ರು_ಬಸವನಗುಡಿ

ಕಿಟ್ಟಿಯವರೇ, ಕಷಾಯ ನಾನೂ ಕುಡಿಯುತ್ತೇನೆ, ಗಂಟಲು ಕೆರೆದಾಗ. ಜಗಳ ಅದರ ಜೊತೆ ಅಲ್ಲ. ಅಡುಗೆಮನೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಶೇಕಡಾ 3ರ ಆಸುಪಾಸು, ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಡಬ್ಬದಲ್ಲಿ ಗಟ್ಟಿ ಮಾಡಿದ್ದು ಇರುತ್ತದೆ. ಗಟ್ಟಿ ಅಂದ ಮೇಲೆ ಲಿವರ್ ಮೊದಲೇ ಸರಿಯಿಲ್ಲದವರು ಡಾಕ್ಟರನ್ನು ಕೇಳದೆ ನುಂಗಬಾರದು.

ನಿಜವಾದ ವಿಷಯ ಬೇರೆ ಇದೆ. ‘ಉರಿಯೂತ ಇಳಿಸಿದರೆ ಎಲ್ಲ ಸರಿಹೋಗುತ್ತದೆ’ ಅನ್ನುವುದನ್ನು ದೊಡ್ಡ ದೊಡ್ಡ ಔಷಧಿಗಳಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ಯಾಂಟೋಸ್ ಅಂತ ಒಂದು ಪ್ರಯೋಗ, 2017ರಲ್ಲಿ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕ್ ಆಗಿ, ಸಿಆರ್‌ಪಿ ಇನ್ನೂ 2ಕ್ಕಿಂತ ಕೆಳಗೆ ಇಳಿಯದ 10,000ಕ್ಕೂ ಹೆಚ್ಚು ಜನ. ಐಎಲ್-1 ಬೀಟಾ ಎಂಬ ಉರಿಯೂತದ ಕೊಂಡಿಯನ್ನೇ ಕತ್ತರಿಸುವ ಇಂಜೆಕ್ಷನ್ ಕೊಟ್ಟರು. ಸಿಆರ್‌ಪಿ ಇಳಿಯಿತು. 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟು ಸೇರಿ ಸುಮಾರು 15% ಕಡಿಮೆ ಆದವು. ಸರಿ. ಆದರೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು? ಅದು ತಪ್ಪಲಿಲ್ಲ. ಆಸ್ಪಿರಿನ್ನಿನ ಸೋದರ ಸಂಬಂಧಿ ಸಾಲ್ಸಲೇಟ್ ಕೊಟ್ಟು ನೋಡಿದರೆ ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ 0.4ರಷ್ಟು ಇಳಿಯಿತು, ಅಷ್ಟಕ್ಕೇ ನಿಂತಿತು.

ಅಂದರೆ ಉರಿಯೂತ ಹೊಗೆ ಮಾತ್ರವೂ ಅಲ್ಲ, ಪೂರ್ತಿ ಬೆಂಕಿಯೂ ಅಲ್ಲ. ಹೃದಯದ ರಕ್ತನಾಳಕ್ಕೆ ಅದು ನೇರವಾಗಿ ತೊಂದರೆ ಕೊಡುತ್ತದೆ. ಶುಗರ್ ವಿಷಯದಲ್ಲಿ ಅದು ಹಲವು ದಾರಿಗಳಲ್ಲಿ ಒಂದು. ಲಿವರಿನಲ್ಲಿ ಕೊಬ್ಬು ಕೂತಿರುವುದೇ ಇನ್ನೊಂದು ದಾರಿ. ಸಾಮಾನು ಇಳಿಸದೆ ಊದುಬತ್ತಿ ಹಚ್ಚಿದರೆ ಪ್ರಯೋಜನ ಇಲ್ಲ.

ತ್ಯಾಗರಾಜನಗರ_ಟೀ

ಹಾಗಾದರೆ ಸಾಮಾನು ನೇರವಾಗಿ ಹೊರಗೆ ಹಾಕಿದರೆ? ಲಿಪೊಸಕ್ಷನ್, ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್. ಅರ್ಧ ತಮಾಷೆ, ಅರ್ಧ ಸೀರಿಯಸ್.

ಮೇಷ್ಟ್ರು_ಬಸವನಗುಡಿ

ಅದನ್ನೂ ನೋಡಿದ್ದಾರೆ! 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 15 ಜನ ಬೊಜ್ಜಿರುವ ಹೆಂಗಸರ ಹೊಟ್ಟೆಯ ಚರ್ಮದ ಕೆಳಗಿನಿಂದ ಒಬ್ಬೊಬ್ಬರಿಂದ ಸರಾಸರಿ 9–10 ಕೆಜಿ ಕೊಬ್ಬು ತೆಗೆದರು. ಕೆಲವು ವಾರ ಬಿಟ್ಟು ನೋಡಿದರೆ ಇನ್ಸುಲಿನ್ ಕೆಲಸ ಹಾಗೇ, ಸಿಆರ್‌ಪಿ ಹಾಗೇ, ಬಿಪಿ ಹಾಗೇ. ಅಟ್ಟ ಖಾಲಿ ಮಾಡಿದರು, ಅಡುಗೆಮನೆ ಸಾಮಾನು ಅಲ್ಲೇ ಇತ್ತು. ಊಟ-ಓಡಾಟದಿಂದ ಇಳಿಸಿದರೆ ಮೊದಲು ಹೊರಡುವುದೇ ಅಡುಗೆಮನೆಯದ್ದು, ಲಿವರ್ ಕೊಬ್ಬು. ಅದಕ್ಕೇ ನಾಲ್ಕೈದು ಕೆಜಿ ಇಳಿದರೂ ರಿಪೋರ್ಟ್ ಅಷ್ಟು ಬದಲಾಗೋದು.

ನೈಟ್‌ಶಿಫ್ಟ್_ಅಕ್ಕ

ಒಂದೆರಡು ಮಾತು ನನ್ನದೂ ಇರಲಿ. ಎಂಟು ವರ್ಷ ವೈಟ್‌ಫೀಲ್ಡ್ ಕಡೆ ನೈಟ್ ಶಿಫ್ಟ್ ಮಾಡಿದೆ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಪಿರಿಯಡ್ಸ್ ತಪ್ಪುವ ತೊಂದರೆ) ಇದೆ. ‘ತೂಕ ಇಳಿಸಿ’ ಅನ್ನೋದನ್ನು ಚರ್ಮದ ಡಾಕ್ಟರಿಂದ ಹಿಡಿದು ಪಕ್ಕದ ಮನೆ ಆಂಟಿ ತನಕ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಹೇಗೆ ಅಂತ ಕೇಳಿದರೆ ಮಾತ್ರ ಎಲ್ಲರಿಗೂ ಅರ್ಜೆಂಟ್ ಕೆಲಸ ಬರುತ್ತದೆ.

ಮೊದಲನೇದು, ಆ ಸಿಆರ್‌ಪಿ ಒಂದೇ ಸಲ ನೋಡಿ ಹೆದರಬೇಡಿ ಅಣ್ಣ. ನನ್ನದು ಒಮ್ಮೆ 12 ಬಂದಿತ್ತು. ಲ್ಯಾಬಿನಿಂದಲೇ ಫೋನ್ ಮಾಡಿ, ಮೇಡಂ ಹಾರ್ಟ್ ಪ್ಯಾಕೇಜ್ ಮಾಡಿಸಿ, ಇವತ್ತು ಆಫರ್ ಇದೆ ಅಂದರು. ಆಫರ್! ಹತ್ತು ದಿನದ ಹಿಂದೆ ನನಗೆ ವೈರಲ್ ಜ್ವರ ಬಂದು ಹೋಗಿತ್ತು ಅಂತ ಯಾರೂ ಕೇಳಲೇ ಇಲ್ಲ. ನಮ್ಮ ಏರಿಯಾದ ಹಳೇ ಡಾಕ್ಟರ್ ಕಾಗದ ನೋಡಿ, 10 ದಾಟಿದೆ ಅಂದರೆ ಇದು ಬೇರೆ ಸೋಂಕಿನದು, ಒಂದು ತಿಂಗಳು ಬಿಟ್ಟು ಮಾಡಿಸು ಮಗಳೇ ಅಂದರು. ಮಾಡಿಸಿದೆ, 3.4. ಆಮೇಲೆ ಅವರು ಬಾಯಿ ತೆಗಿ ಅಂದರು. ವಸಡಿನಲ್ಲಿ ರಕ್ತ. ವಸಡಿನ ಕಾಯಿಲೆಯೂ ಸಿಆರ್‌ಪಿ ಏರಿಸುತ್ತದಂತೆ. ಹೊಟ್ಟೆಯನ್ನೇ ಬೈಯುತ್ತಿದ್ದ ನಾನು ದಂತ ವೈದ್ಯರ ಹತ್ತಿರ ಹೋಗಿ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದೆ.

ಎರಡನೇದು ನಿದ್ದೆ. ಬೆಳಗ್ಗೆ 7ಕ್ಕೆ ಮಲಗಿ, 11ಕ್ಕೆ ಎದುರಿನ ಕಟ್ಟಡದ ಡ್ರಿಲ್ಲಿಂಗ್ ಸದ್ದಿಗೆ ಎದ್ದು, ಎದ್ದ ಕೂಡಲೇ ಸಿಹಿ ತಿನ್ನಬೇಕು ಅನ್ನಿಸುತ್ತಿತ್ತು. ಸಿಹಿ ಅಂದರೆ ಸಣ್ಣ ಆಸೆ ಅಲ್ಲ, ಕೈ ನಡುಗುವಷ್ಟು. ಇದು ಮನಸ್ಸಿನ ದೌರ್ಬಲ್ಯ ಅಂದುಕೊಂಡು ನನ್ನನ್ನೇ ಬೈದುಕೊಂಡೆ. ನಿದ್ದೆ ಕೆಟ್ಟರೆ ಹಸಿವಿನ ಹಾರ್ಮೋನು, ಇನ್ಸುಲಿನ್ ಎಲ್ಲ ಏರುಪೇರಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಡೇ ಶಿಫ್ಟ್‌ಗೆ ಬಂದ ಆರು ತಿಂಗಳಲ್ಲಿ, ಬೇರೆ ಏನೂ ದೊಡ್ಡದಾಗಿ ಬದಲಾಯಿಸದೆ, ಸೊಂಟ 4 ಸೆಂ.ಮೀ. ಇಳಿಯಿತು, ಪಿರಿಯಡ್ಸ್ ತಿಂಗಳಿಗೊಮ್ಮೆ ಬರಲು ಶುರುವಾಯಿತು. ಎಲ್ಲರಿಗೂ ಶಿಫ್ಟ್ ಬದಲಾಯಿಸಲು ಆಗೋದಿಲ್ಲ, ಗೊತ್ತು. ನನಗೂ ಸಂಬಳ ಕಡಿಮೆ ಆಯಿತು.

ಗೊರಕೆ ಹೊಡೀತೀರಾ? ಹೊಡೆದರೆ ಅದನ್ನೂ ತೋರಿಸಿಕೊಳ್ಳಿ. ಹೆಂಡತಿಯನ್ನು ಕೇಳಿ, ನೀವೇ ಉತ್ತರ ಕೊಡಬೇಡಿ.

ಮುದ್ದೆ_ಮಂಡ್ಯ_ಟು_ಮಾಗಡಿರೋಡ್

ಗುರುವೇ, ನಿನ್ನ ರಿಪೋರ್ಟ್ ನೋಡಿ ನನ್ನ ಮೂರು ವರ್ಷದ ಹಿಂದಿನ ಕಾಗದ ನೆನಪಾಯಿತು. ಟ್ರೈಗ್ಲಿಸರೈಡ್ 248, ಸೊಂಟ 101. ಹೆಂಡತಿ ಆ ಕಾಗದವನ್ನು ಫ್ರಿಡ್ಜ್ ಬಾಗಿಲಿಗೆ ಅಂಟಿಸಿಬಿಟ್ಟಳು.

ನಾನು ಹಳ್ಳಿಯವನು, ಮುದ್ದೆ ತಿಂದರೆ ಏನೂ ಆಗಲ್ಲ ಅನ್ನೋ ಧೈರ್ಯ ಇತ್ತು. ಮಧ್ಯಾಹ್ನ ಎರಡು, ರಾತ್ರಿ ಎರಡು, ಬೇರೆ ಅನ್ನ. ತಾತ ಮೂರು ಮುದ್ದೆ ತಿಂದು 86ರ ತನಕ ಬದುಕಿದ. ಆದರೆ ತಾತ ಊಟ ಆದ ಮೇಲೆ ಗದ್ದೆಗೆ ಹೋಗುತ್ತಿದ್ದ, ನಾನು ಊಟ ಆದ ಮೇಲೆ ಸ್ಟೀರಿಂಗ್ ಹಿಂದೆ ಕೂರುತ್ತೇನೆ. ರಾಗಿ ಒಳ್ಳೇದೇ, ನಾರು ಇದೆ, ಸುಣ್ಣದಂಶ ಇದೆ, ಆದರೆ ನುಣ್ಣಗೆ ಬೀಸಿದ ಹಿಟ್ಟು ಹಿಟ್ಟೇ. ರಾಗಿ ಅಂದ ಮಾತ್ರಕ್ಕೆ ಶುಗರ್ ಅದನ್ನು ನೋಡಿ ಸಲಾಂ ಹೊಡೆಯಲ್ಲ. ಈಗ ಒಂದೇ ಮುದ್ದೆ, ಅದೂ ಟೆನಿಸ್ ಬಾಲಿನಷ್ಟು. ಪಕ್ಕಕ್ಕೆ ಬಸ್ಸಾರಿನ ಪಲ್ಯ ತಟ್ಟೆಯ ಅರ್ಧ, ಇಲ್ಲಾ ಉಪ್ಸಾರಿಗೆ ಬಸಿದ ಕಾಳು. ಎರಡು ಮೊಟ್ಟೆ. ಅನ್ನ ಭಾನುವಾರ.

ಬೆಳಗ್ಗೆ ದರ್ಶಿನಿಯಲ್ಲಿ ಚೌಚೌ ಬಾತ್ ನನ್ನ ವೀಕ್‌ನೆಸ್. ಖಾರಾಬಾತು ರವೆ, ಕೇಸರಿಬಾತು ರವೆ ಮತ್ತೆ ಸಕ್ಕರೆ, ಅದರ ಮೇಲೆ ಕಾಫಿಗೆ ಎರಡು ಚಮಚ. ಬಿಟ್ಟೆ ಅಂತ ಸುಳ್ಳು ಹೇಳಲ್ಲ, ವಾರಕ್ಕೊಮ್ಮೆ ಇಟ್ಟುಕೊಂಡಿದ್ದೇನೆ. ಮಿಕ್ಕ ದಿನ ಮನೆಯಲ್ಲಿ ಹೆಸರುಕಾಳು ಉಸ್ಲಿ ಇಲ್ಲಾ ಪೆಸರಟ್ಟು. ಕಾಫಿಗೆ ಸಕ್ಕರೆ ಮೂರು ವಾರದಲ್ಲಿ ಬಿಟ್ಟುಹೋಯಿತು, ಈಗ ಯಾರಾದರೂ ಸಕ್ಕರೆ ಹಾಕಿಕೊಟ್ಟರೆ ಪಾಯಸ ಕುಡಿದ ಹಾಗೆ ಆಗುತ್ತದೆ.

ಆದರೆ ನಿಜವಾಗಿ ಕೆಲಸ ಮಾಡಿದ್ದು ಏನು ಗೊತ್ತಾ, ರಾತ್ರಿ ಊಟ ಆದ ತಕ್ಷಣ ಹದಿನೈದು ನಿಮಿಷ ನಡಿಗೆ. ಪಾರ್ಕಿಗೂ ಹೋಗಲ್ಲ, ನಮ್ಮ ಕ್ರಾಸಿಂದ ಮುಂದಿನ ಗಣೇಶನ ಗುಡಿ ತನಕ ಹೋಗಿ ಬರೋದು, ನಾಯಿಗಳಿಗೂ ಈಗ ಗುರುತು ಸಿಗುತ್ತೆ. ಜೊತೆಗೆ ವಾರಕ್ಕೆ ಮೂರು ದಿನ ಬಸ್ಕಿ, ದಂಡ, ಹತ್ತು ಲೀಟರ್ ನೀರಿನ ಕ್ಯಾನ್ ಎತ್ತೋದು. ಜಿಮ್ ಹುಡುಗ ಹೇಳಿದ, ಊಟದ ಸಕ್ಕರೆ ಹೋಗಿ ಸೇರುವ ದೊಡ್ಡ ಜಾಗ ಸ್ನಾಯು ಅಂತ. ಮೇಷ್ಟ್ರೇ, ಇದು ಸರಿನಾ? ಎಂಟು ತಿಂಗಳಲ್ಲಿ ತೂಕ ಇಳಿದದ್ದು 6 ಕೆಜಿ ಮಾತ್ರ. ಸೊಂಟ 101ರಿಂದ 92. ಟ್ರೈಗ್ಲಿಸರೈಡ್ 139.

ತೂಕ ಇಳಿಸುವ ಇಂಜೆಕ್ಷನ್ ತಗೋ ಅಂತ ಈಗ ಎಲ್ಲರೂ ಹೇಳ್ತಾರೆ. ನಮ್ಮ ಭಾವ ತಗೊಂಡ, 14 ಕೆಜಿ ಇಳಿದ, ದುಡ್ಡು ಹೆಚ್ಚಾಯಿತು ಅಂತ ನಿಲ್ಲಿಸಿದ, ದೀಪಾವಳಿಯಿಂದ ಯುಗಾದಿ ಅಷ್ಟರಲ್ಲಿ ಒಂಬತ್ತು ವಾಪಸ್ ಬಂತು.

ಮೇಷ್ಟ್ರು_ಬಸವನಗುಡಿ

ಜಿಮ್ ಹುಡುಗ ಸರಿಯಾಗೇ ಹೇಳಿದ್ದಾನೆ. ಇನ್ನೂ ಒಂದು ಸೇರಿಸಿಕೊಳ್ಳಿ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಬೆಲ್ಲಿಗೆ ಕಾಯುವುದಿಲ್ಲ, ಹಿತ್ತಲ ಬಾಗಿಲಿಂದ ಸಕ್ಕರೆ ಒಳಗೆ ಎಳೆದುಕೊಳ್ಳುತ್ತದೆ. ವೈರ್ ಸಡಿಲ ಆದವರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ. ಹಾಗಾಗಿ ಊಟ ಆದ ಮೇಲಿನ ನಡಿಗೆ.

‘6 ಕೆಜಿ ಮಾತ್ರ’ ಅನ್ನಬೇಡಿ. ಸಕ್ಕರೆ ಕಾಯಿಲೆ ತಡೆಯಲು ಮಾಡಿದ ಅಮೆರಿಕದ ಡಿಪಿಪಿ ಪ್ರಯೋಗದಲ್ಲಿ, 2002ರದ್ದು, ಗುರಿ ಇಟ್ಟದ್ದೇ ತೂಕದ 7% ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು. ಸಕ್ಕರೆ ಕಾಯಿಲೆ ಬರುವುದು 58% ಕಡಿಮೆ ಆಯಿತು. ನಮ್ಮ ಪಕ್ಕದ ಚೆನ್ನೈಯಲ್ಲಿ ಡಾ. ರಾಮಚಂದ್ರನ್ ತಂಡ ಇಂಥದ್ದೇ ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿತು, ಅಲ್ಲಿ 28.5% ಕಡಿಮೆ. ನನಗೆ ಅದರಲ್ಲಿ ಇಷ್ಟ ಆದದ್ದು ಏನೆಂದರೆ, ಆ ಜನರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ತಕ್ಕಡಿ ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆದಿತ್ತು.

ಇಂಜೆಕ್ಷನ್ ಬಗ್ಗೆ ಮೂಗು ಮುರಿಯುವವನಲ್ಲ ನಾನು. ಬೇಕಾದವರಿಗೆ ಅದು ದೊಡ್ಡ ಸಹಾಯ, ಸಿಆರ್‌ಪಿಯೂ ಇಳಿಯುತ್ತದೆ. ಆದರೆ ನಿಮ್ಮ ಭಾವನಿಗೆ ಆದದ್ದು ಅಪರೂಪ ಅಲ್ಲ. ಸೆಮಾಗ್ಲುಟೈಡ್ ಎಂಬ ಇಂಥದ್ದೇ ಇಂಜೆಕ್ಷನ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಜೊತೆಗೆ ಸ್ನಾಯುವೂ ಸ್ವಲ್ಪ ಹೋಗುತ್ತದೆ, ಅದಕ್ಕೇ ಬಸ್ಕಿ ಬಿಡಬಾರದು. ಯಾರಿಗೆ ಬೇಕು ಅನ್ನೋದು ಡಾಕ್ಟರ್ ತೀರ್ಮಾನ.

ಬೆಲ್ಟಿನ_ಕೊನೇ_ತೂತು

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟನ್ನು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ.

ಸೊಂಟ ಅಳೆದೆ ಮೇಷ್ಟ್ರೇ. ಪ್ಯಾಂಟ್ ಸೈಜ್ 34, ಅಂದರೆ 86 ಸೆಂ.ಮೀ., 90ರ ಒಳಗೇ ಇದ್ದೇನೆ ಅಂತ ಖುಷಿಯಲ್ಲಿದ್ದೆ. ಹೆಂಡತಿ ಬ್ಲೌಸ್ ಅಳತೆಯ ಟೇಪ್ ತಂದಳು. ಪಕ್ಕೆಲುಬು ಮುಗಿಯುವ ಜಾಗ ಮತ್ತು ಸೊಂಟದ ಮೂಳೆ ನಡುವೆ ಹಿಡಿದು, ಹೊಟ್ಟೆ ಒಳಗೆ ಎಳೆದುಕೊಂಡಿದ್ದೆ, ಉಸಿರು ಬಿಡಿ ಅಂದಳು, ಬಿಟ್ಟೆ. 97. ಪ್ಯಾಂಟನ್ನು ನಾನು ಹೊಟ್ಟೆಯ ಕೆಳಗೆ ಕಟ್ಟುತ್ತಾ ಬಂದಿದ್ದೇನೆ ಅಂತ ಇವತ್ತು ಗೊತ್ತಾಯಿತು. ಗೊರಕೆ ಪ್ರಶ್ನೆಗೂ ಅವಳೇ ಉತ್ತರ ಕೊಟ್ಟಳು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದಾಳಂತೆ. ಅಕ್ಕ, ಥ್ಯಾಂಕ್ಸ್ ಅನ್ನಬೇಕೋ ಬೈಬೇಕೋ ತಿಳಿಯುತ್ತಿಲ್ಲ.

ಮೇಷ್ಟ್ರು_ಬಸವನಗುಡಿ

97 ಆದರೆ ಲೆಕ್ಕ ಪೂರ್ತಿ ಆಯಿತು. ನಮ್ಮ ಗಂಡಸರಿಗೆ ಗಡಿ 90, ಹೆಂಗಸರಿಗೆ 80. ಸೊಂಟ, ಟ್ರೈಗ್ಲಿಸರೈಡ್ 150, ಗಂಡಸರ ಎಚ್‌ಡಿಎಲ್ 40 (ಇದು ಮಾತ್ರ ಕಡಿಮೆ ಆದರೆ ಕೆಟ್ಟದ್ದು), ಬಿಪಿ 130/85, ಫಾಸ್ಟಿಂಗ್ 100, ಈ ಐದರಲ್ಲಿ ಮೂರು ಕೆಟ್ಟಿದ್ದರೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ನಿಮ್ಮದು ಐದಕ್ಕೆ ಐದು. ಹೆದರಿಸುತ್ತಿಲ್ಲ. ಆದರೆ ನಾಲ್ಕು ನಿಮಿಷದ ಡಾಕ್ಟರ್ ಸಾಲದು, ಒಬ್ಬ ಫಿಸಿಷಿಯನ್ ಹತ್ತಿರ ಕಾಗದ ಎಲ್ಲ ತಗೊಂಡು ಹೋಗಿ. ಬಿಪಿಯನ್ನು ಮನೆಯಲ್ಲಿ ಒಂದು ವಾರ ಬೆಳಗ್ಗೆ ಸಂಜೆ ನೋಡಿ ಬರೆದಿಟ್ಟುಕೊಂಡು ಹೋದರೆ ಅವರಿಗೆ ಸುಲಭ. ಸಿಆರ್‌ಪಿ ಸದ್ಯಕ್ಕೆ ಮರೆತುಬಿಡಿ. ಮೂರು ತಿಂಗಳಾದ ಮೇಲೆ ಟೇಪು, ಟ್ರೈಗ್ಲಿಸರೈಡ್, ಎಚ್‌ಬಿಎ1ಸಿ ನೋಡಿ ಸಾಕು.

ಬೆಲ್ಟಿನ_ಕೊನೇ_ತೂತು

ಆಯಿತು ಮೇಷ್ಟ್ರೇ, ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ. ಸಂಜೆ ಬಜ್ಜಿಯವನಿಗೂ ಈ ಚರ್ಚೆ ಕಳಿಸಿದ್ದೇನೆ, ‘ಅಟ್ಟ’ ಅಂತ ಮಾತ್ರ ರಿಪ್ಲೈ ಮಾಡಿ ನಗುತ್ತಿದ್ದಾನೆ.

ನಿನ್ನೆ ರಾತ್ರಿ ಅಮ್ಮನಿಗೆ ಕತ್ತಿನ ವಿಷಯ ಓದಿ ಹೇಳಿದೆ. ಕೊಳೆ ಅಲ್ಲ, ಇನ್ಸುಲಿನ್ ಜಾಸ್ತಿ ಆದರೆ ಹೀಗಾಗುತ್ತದಂತೆ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹಿಂದೆ ತಿರುಗಿ, ತುರುಬು ಮೇಲೆ ಎತ್ತಿ ಹಿಡಿದು, ‘ನೋಡು, ನನಗೂ ಇದೆಯಾ?’ ಅಂದರು.

ಇದೆ. ನನಗಿಂತ ಜಾಸ್ತಿ ಇದೆ. ಗುರುವಾರ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಹೋಗುತ್ತಿದ್ದೇವೆ.